ಎರಡು ಎಕರೆ ಹುಲ್ಲು, ಮೂರು ದನ: ಸರದಿ ಮೇಯಿಸಲು ಬೇಲಿ, ನೀರು, ನೆರಳು

ಸರದಿಯಲ್ಲಿ, ಅಂದರೆ ಜಮೀನನ್ನು ಭಾಗ ಮಾಡಿ ಒಂದಾದ ಮೇಲೆ ಒಂದರಂತೆ, ದನ ಮೇಯಿಸಬೇಕೆಂದು ಹೊರಟವರು ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ಒಂದೇ: ಜಮೀನನ್ನು ಮುಳ್ಳುತಂತಿಯಿಂದ ಆರೆಂಟು ಭಾಗ ಮಾಡಿಬಿಡುವುದು. ಕಲ್ಲುಕಂಬ, ತಂತಿ, ಕೂಲಿ ಎಂದು ಕೈಯಲ್ಲಿದ್ದ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಮುಂಗಾರಿನಲ್ಲಿ ಹುಲ್ಲು ಸರಸರ ಏಳುತ್ತದೆ, ಚಳಿಗಾಲದಲ್ಲಿ ನಿಧಾನವಾಗುತ್ತದೆ, ಬೇಸಿಗೆಯಲ್ಲಿ ನಿಂತೇಹೋಗುತ್ತದೆ. ಕಂಬಗಳು ಮಾತ್ರ ನೆಟ್ಟಲ್ಲೇ ಇರುತ್ತವೆ.

ಹೊರಬೇಲಿಗೂ ಒಳಬೇಲಿಗೂ ಕೆಲಸ ಬೇರೆ ಬೇರೆ. ದನ ಪಕ್ಕದವರ ರಾಗಿಗೆ ನುಗ್ಗದಂತೆ ತಡೆಯುವುದು ಹೊರಬೇಲಿ. ಅದು ಗಟ್ಟಿಯಾಗಿ, ಶಾಶ್ವತವಾಗಿ ಇರಬೇಕು. ಒಳಬೇಲಿ ಇರುವುದು ಚಿಗುರುತ್ತಿರುವ ಹುಲ್ಲನ್ನು ದನದ ಬಾಯಿಂದ ಕಾಯಲು. ಕಚ್ಚಿದ ಹುಲ್ಲು ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೇ ಮತ್ತೆ ಚಿಗುರು ಬಿಡುತ್ತದೆ. ಆ ಹೊತ್ತಿಗೂ ಹಸು ಅಲ್ಲೇ ಇದ್ದರೆ ಬಲಿತ ಹುಲ್ಲನ್ನು ಬಿಟ್ಟು ಎಳೆ ಚಿಗುರನ್ನೇ ಹುಡುಕಿ ತಿನ್ನುತ್ತದೆ. ಹೀಗೆ ಎರಡು ಮೂರು ಸಲ ಆದರೆ ಬೇರಿನ ಶಕ್ತಿ ತೀರಿ ಒಳ್ಳೆ ಹುಲ್ಲು ಸಾಯುತ್ತದೆ, ಅಲ್ಲಿಗೆ ಕಾಂಗ್ರೆಸ್ ಗಿಡ ಬರುತ್ತದೆ. ಹಾಗಾಗಿ ಒಳಬೇಲಿ ದಿನಾ ಜಾಗ ಬದಲಿಸಬೇಕು, ಒಬ್ಬರ ಕೈಯಲ್ಲಿ ಹತ್ತು ನಿಮಿಷದಲ್ಲಿ ಆಗುವಂತಿರಬೇಕು. ಇದಕ್ಕೆ ಸೋಲಾರ್ ಬೇಲಿಯ, ಅಂದರೆ ಮುಟ್ಟಿದರೆ ಕರೆಂಟಿನ ಚಿಕ್ಕ ಹೊಡೆತ (ಝಟ್ಕಾ) ಕೊಡುವ ತಂತಿಯ, ಒಂದು ಎಳೆ ಸಾಕು.

ಹಳೇ ಮೈಸೂರಿನ ಅಮೃತ ಮಹಲ್ ಕಾವಲುಗಳನ್ನು (ಅರಸರ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳನ್ನು) ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ವಿಂಗಡಿಸಿ ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಲೆಕ್ಕ ಅದೇ. ಇಲ್ಲಿ ಅದು ಎಂಬತ್ತು ಗುಂಟೆಯೊಳಗೆ ನಡೆಯುತ್ತದೆ ಅಷ್ಟೆ.

ಲೆಕ್ಕ ಮೊದಲು, ಕಂಬ ಆಮೇಲೆ

ದನದ ತೂಕ ಗೊತ್ತಿಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ತೂಕ ಕೆಜಿಯಲ್ಲಿ ಸಿಗುತ್ತದೆ. ಸುತ್ತಳತೆ 64, ಉದ್ದ 56 ಇರುವ ಹಸು ಹೆಚ್ಚುಕಮ್ಮಿ 350 ಕೆಜಿ.

ಅಂಥ ಎರಡು ಮಿಶ್ರತಳಿ ಹಸು, 200 ಕೆಜಿಯ ಒಂದು ಕಡಸು ಇವೆ ಎಂದುಕೊಳ್ಳಿ. ಒಟ್ಟು 900 ಕೆಜಿ. ತೂಕದ ನೂರಕ್ಕೆ 3ರಂತೆ ದಿನಕ್ಕೆ 27 ಕೆಜಿ ಒಣ ಪದಾರ್ಥ ಬೇಕು (ನೀರಿನಂಶ ಕಳೆದು ಉಳಿಯುವ ಮೇವಿನ ತೂಕ ಇದು). ಇದರಲ್ಲಿ ಮೂರನೇ ಒಂದು ಭಾಗ, ಅಂದರೆ 9 ಕೆಜಿ, ಕೊಟ್ಟಿಗೆಯಲ್ಲಿ ರಾಗಿ ಹುಲ್ಲು, ಹಿಂಡಿ, ಬೂಸಾದಿಂದ ಬರಲಿ. ಉಳಿದ 18 ಕೆಜಿ ಮೈದಾನದಿಂದ ಬರಬೇಕು.

ಮೈದಾನದಲ್ಲಿ ಎಷ್ಟಿದೆ ಎಂದು ನೋಡಲು ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಳ್ಳಿ. ಐದು ಕಡೆ ಕಣ್ಣುಮುಚ್ಚಿ ಎಸೆದು, ಚೌಕದೊಳಗಿನ ಹುಲ್ಲನ್ನು ಅರ್ಧ ಗೇಣು ಬಿಟ್ಟು ಮೇಲಿನದನ್ನು ಕೊಯ್ದು ತೂಗಿ. ಒಳ್ಳೆ ಕಡೆ ಮಾತ್ರ ಎಸೆಯುವ ಚಾಳಿ ಎಲ್ಲರಿಗೂ ಇರುತ್ತದೆ, ಅದಕ್ಕೇ ಕಣ್ಣು ಮುಚ್ಚಬೇಕು. ಸರಾಸರಿ 500 ಗ್ರಾಂ ಹಸಿಹುಲ್ಲು ಬಂದರೆ, ಕಾಲು ಭಾಗ ಒಣ ಪದಾರ್ಥ ಎಂದು ಹಿಡಿದು 125 ಗ್ರಾಂ. ತುಳಿತ, ಸಗಣಿ, ಗಂಜಲಕ್ಕೆ ಹೋಗಿ ಬಾಯಿಗೆ ಸಿಗುವುದು ನೂರಕ್ಕೆ 60, ಅಂದರೆ ಚದರ ಮೀಟರಿಗೆ 75 ಗ್ರಾಂ. 18 ಕೆಜಿಗೆ 240 ಚದರ ಮೀಟರ್ ಬೇಕು. ಒಂದು ಗುಂಟೆ ಸುಮಾರು 101 ಚದರ ಮೀಟರ್. ಆದ್ದರಿಂದ ದಿನಕ್ಕೆ ಎರಡೂವರೆ ಗುಂಟೆ.

ಇದೇ ಲೆಕ್ಕವನ್ನು ಚಿಕ್ಕ ಮೈಯ ಮಲೆನಾಡು ಗಿಡ್ಡ ತಳಿಗೆ ಹಾಕಿದರೆ ಅಷ್ಟೇ ಹುಲ್ಲಿಗೆ ಎರಡರಷ್ಟಕ್ಕೂ ಹೆಚ್ಚು ತಲೆ ಹಿಡಿಸುತ್ತದೆ. ತಲೆ ಎಣಿಸಬೇಡಿ, ತೂಕ ಎಣಿಸಿ.

ನಕ್ಷೆ

45 ಮೀಟರ್ ಅಗಲ, 180 ಮೀಟರ್ ಉದ್ದದ ಜಮೀನು ಸರಿಯಾಗಿ ಎರಡು ಎಕರೆ. ನಟ್ಟನಡುವೆ ಉದ್ದಕ್ಕೂ 3 ಮೀಟರ್ ಅಗಲದ ಓಣಿ ಬಿಡಿ. ಎರಡೂ ಪಕ್ಕದಲ್ಲಿ 21 ಮೀಟರ್ ಅಗಲದ ಪಟ್ಟೆ ಉಳಿಯುತ್ತದೆ. ಓಣಿಗುಂಟ ಪ್ರತಿ 12 ಮೀಟರಿಗೆ ಒಂದು ಕಂಬ ನೆಟ್ಟರೆ, 21 ಅಡ್ಡ 12, ಅಂದರೆ 252 ಚದರ ಮೀಟರಿನ ಅಂಕಣ. ಒಂದು ಕಡೆ 15, ಇನ್ನೊಂದು ಕಡೆ 15. ದಿನಕ್ಕೊಂದು ಅಂಕಣದಂತೆ ಹೋದರೆ ಮೇಯ್ದ ಜಾಗಕ್ಕೆ ಮತ್ತೆ ಬರುವುದು 30ನೇ ದಿನ ಕಳೆದ ಮೇಲೆ. ಮಳೆಗಾಲದ ಹುಲ್ಲಿಗೆ ಇಷ್ಟು ವಿಶ್ರಾಂತಿ ಸಾಕು.

ಓಣಿಯ ಒಂದು ತುದಿ ಕೊಟ್ಟಿಗೆಗೆ ಸೇರಬೇಕು. ಆಗ ದನ ಯಾವ ಅಂಕಣದಲ್ಲಿದ್ದರೂ ತಾನಾಗಿಯೇ ನಡೆದು ನೀರಿಗೆ, ನೆರಳಿಗೆ, ಹಾಲು ಕರೆಯುವ ಹೊತ್ತಿಗೆ ಬರುತ್ತದೆ. ಅಟ್ಟಿಕೊಂಡು ಹೋಗುವ ಆಳು ಬೇಕಾಗುವುದಿಲ್ಲ. ಜಮೀನು ಇಳಿಜಾರಾಗಿದ್ದರೆ ಓಣಿಯನ್ನು ನೇರ ಇಳುಕಲಿಗೆ ಹಾಕಬೇಡಿ. ಗೊರಸು ಬಿದ್ದಲ್ಲಿ ಹುಲ್ಲು ನಿಲ್ಲದು, ಎರಡು ಮಳೆಗೆ ಓಣಿ ಕೊರಕಲಾಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಪ್ರತಿ 20 ಮೀಟರಿಗೆ ಓಣಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ, ಗೇಣೆತ್ತರದ ಬದು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಿ.

ಉದ್ದುದ್ದ ಕಿರಿದಾದ ಅಂಕಣ ಮಾಡಬೇಡಿ. 42 ಮೀಟರ್ ಉದ್ದ, 6 ಮೀಟರ್ ಅಗಲವೂ ಅಷ್ಟೇ ವಿಸ್ತೀರ್ಣ, ಆದರೆ ದನ ತಂತಿಗುಂಟ ಹಿಂದೆ ಮುಂದೆ ಓಡಾಡಿ ತಿಂದಷ್ಟೇ ತುಳಿಯುತ್ತದೆ.

ಹೊರಬೇಲಿ

ಸುತ್ತಳತೆ 450 ಮೀಟರ್. ಮುಳ್ಳುತಂತಿಯಾದರೆ ಹನ್ನೊಂದು ಅಡಿಗೊಂದರಂತೆ 135 ಕಲ್ಲುಕಂಬ ಬೇಕು. ಝಟ್ಕಾ ಕೊಡುವ 2.5 ಮಿಮೀ ಹೈಟೆನ್ಸೈಲ್ ಜಿಐ (ಸತು ಲೇಪಿಸಿದ ಗಟ್ಟಿ ಉಕ್ಕಿನ) ತಂತಿಯಾದರೆ ಕಂಬದಿಂದ ಕಂಬಕ್ಕೆ 9 ಮೀಟರ್ ಬಿಡಬಹುದು, 50 ಕಂಬಕ್ಕೆ ಕೆಲಸ ಮುಗಿಯುತ್ತದೆ. ಉಳಿದ ದುಡ್ಡು ಝಟ್ಕಾ ಯಂತ್ರಕ್ಕೂ ನೀರಿನ ಪೈಪಿಗೂ ಸಾಕಾಗುತ್ತದೆ.

ಎಳೆ ಮೂರು: ನೆಲದಿಂದ 40, 70, 105 ಸೆಂಟಿಮೀಟರ್. ಈ ತಂತಿ ಕೆಜಿಗೆ 26 ಮೀಟರ್ ಬರುತ್ತದೆ. ಹೊರಗೆ 1,350 ಮೀಟರ್, ಓಣಿಯ ಎರಡು ಬದಿಗೆ ಒಂದೊಂದೇ ಎಳೆಯಂತೆ 360 ಮೀಟರ್, ಒಟ್ಟು 66 ಕೆಜಿ. 70 ಕೆಜಿ ತನ್ನಿ. ಸುರುಳಿಯನ್ನು ನೆಲದ ಮೇಲಿಟ್ಟು ಕೈಯಲ್ಲಿ ಬಿಚ್ಚಲು ಹೋಗಬೇಡಿ. ಒಂದು ಸಲ ಸಿಕ್ಕಾದರೆ ಬಿಡಿಸಲಾಗದು, ತುಂಡಾದ ತುದಿ ಚಾಟಿಯಂತೆ ಮುಖಕ್ಕೆ ಬಡಿಯುತ್ತದೆ. ತಿರುಗುವ ಸ್ಟ್ಯಾಂಡಿಗೆ ಹಾಕಿ ಎಳೆಯಿರಿ, ಕಣ್ಣಿಗೆ ಕನ್ನಡಕ ಇರಲಿ.

ಬೇಲಿ ಬೀಳುವುದು ಯಾವಾಗಲೂ ಮೂಲೆಯಿಂದ. ಎಳೆಗೆ ಸುಮಾರು 100 ಕೆಜಿ ಬಿಗಿತವೆಂದರೆ ಮೂರು ಎಳೆಗೆ 300 ಕೆಜಿ, ಮೂಲೆಕಂಬಕ್ಕೆ ಎರಡು ದಿಕ್ಕಿನಿಂದಲೂ. ಕಲ್ಲು ಭಾರ ಹೊರುತ್ತದೆ, ಬಾಗುವುದಿಲ್ಲ. ಬಾಗಿಸಿದರೆ ಲಟಕ್ಕೆಂದು ಮುರಿಯುತ್ತದೆ. ಅದಕ್ಕೆ ಮೂಲೆಯಲ್ಲಿ ದಪ್ಪ ಕಲ್ಲನ್ನೇ ಆರಿಸಿ, ಮೂರು ಅಡಿ ಆಳಕ್ಕೆ ಹೂತು, ಬುಡಕ್ಕೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಹಾಕಿ. ಎರಡೂ ಬೇಲಿಸಾಲಿನ ದಿಕ್ಕಿನಲ್ಲಿ ಒಂದೊಂದು ಊರುಗಲ್ಲನ್ನು ಕಂಬದ ಮೂರನೇ ಎರಡು ಎತ್ತರಕ್ಕೆ ತಾಗುವಂತೆ ಓರೆಯಾಗಿ ಕೊಡಿ. ಹತ್ತು ದಿನ ಕಳೆಯುವವರೆಗೆ ತಂತಿ ಬಿಗಿಯಬೇಡಿ. ನಡುವಿನ ಕಂಬಗಳಿಗೆ ಎರಡು ಅಡಿ ಹೂತರೆ ಸಾಕು.

ಬಿಗಿಯಲು ಪ್ರತಿ ಎಳೆಗೆ ಒಂದು ರ‍್ಯಾಚೆಟ್ ಟೆನ್ಷನರ್ ಬೇಕು. ಎರಡು ಕಂಬಗಳ ನಡುವೆ ಕೈಯಿಂದ ಒತ್ತಿದಾಗ ತಂತಿ ಸ್ವಲ್ಪ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಗಬೇಕು. ವೀಣೆಯ ತಂತಿಯಂತೆ ಬಿಗಿದರೆ ಮೂಲೆ ಕೀಳುತ್ತದೆ.

ಒಣಗಿದ ಕಲ್ಲು ಹೆಚ್ಚು ಕರೆಂಟು ಸೋರದು, ನೆನೆದ ಕಲ್ಲು ಸೋರುತ್ತದೆ. ಹಾಗಾಗಿ ಪ್ರತಿ ಕಂಬದಲ್ಲೂ ಇನ್ಸುಲೇಟರ್ ಬೇಕೇ ಬೇಕು. ಮೂಲೆಗೆ ಪಿಂಗಾಣಿಯದು, ನಡುವೆ ಬಿಸಿಲು ತಡೆಯುವ ಕಪ್ಪು ಪ್ಲಾಸ್ಟಿಕ್ಕಿನದು. ಇನ್ಸುಲೇಟರ್ ಕಂಬದ ಒಳಮೈಗೆ, ಅಂದರೆ ದನದ ಕಡೆಗೆ, ಇರಲಿ. ದನ ಒತ್ತಿದರೂ ತಂತಿ ಕಂಬಕ್ಕೇ ಒರಗುತ್ತದೆ, ಕಿತ್ತು ಬರುವುದಿಲ್ಲ. ಸೈಕಲ್ ಟ್ಯೂಬ್ ಸುತ್ತುವುದು ಚಳಿಗಾಲದಲ್ಲಿ ನಡೆಯುತ್ತದೆ, ಮೊದಲ ಮಳೆಗೆ ಕೈಕೊಡುತ್ತದೆ. ಓಣಿಯ ಬಿದಿರು ಗೂಟಗಳಿಗೆ ಡ್ರಿಪ್ ಪೈಪಿನ ತುಂಡು ಪರವಾಗಿಲ್ಲ.

ಹಳೆ ಮುಳ್ಳುತಂತಿ ಬೇಲಿ ಈಗಾಗಲೇ ಇದ್ದರೆ ಕೀಳಬೇಕಾಗಿಲ್ಲ. ಅದರ ಒಳಗೆ ಒಂದು ಅಡಿ ಅಂತರದಲ್ಲಿ ನಯತಂತಿಯ ಎಳೆ ಓಡಿಸಿ. ಆದರೆ ಮುಳ್ಳುತಂತಿಗೇ ಝಟ್ಕಾ ಕೊಡುವುದು ಎಂದಿಗೂ ಬೇಡ. ಮುಳ್ಳಿಗೆ ಚರ್ಮವೋ ಬಟ್ಟೆಯೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾಗದೆ ಹೊಡೆತದ ಮೇಲೆ ಹೊಡೆತ ತಿನ್ನಬೇಕಾಗುತ್ತದೆ.

ಜೀವಬೇಲಿ ಬೇಕೆನ್ನುವವರು ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ನಾಲ್ಕೈದು ಅಡಿ ಉದ್ದದ, ಹೆಬ್ಬೆರಳಿಗಿಂತ ದಪ್ಪನೆಯ ಗೂಟಗಳನ್ನು ಮುಂಗಾರಿಗೆ ಮುಂಚೆ ಒಂದೂವರೆ ಅಡಿಗೊಂದರಂತೆ ತಂತಿಯ ಹೊರಗೆ ಎರಡು ಅಡಿ ದೂರ ನೆಡಿ. ತಂತಿಯನ್ನು ಮರಕ್ಕೇ ಹೊಡೆಯಬೇಡಿ. ಮರ ಗಾಳಿಗೆ ಓಲಾಡುತ್ತದೆ, ತೊಗಟೆ ತಂತಿಯನ್ನು ನುಂಗುತ್ತದೆ. ಬೇಲಿಸಾಲಿನಲ್ಲಿ ಲಂಟಾನ ಇದ್ದರೆ ಬುಡಸಮೇತ ತೆಗೆಯಿರಿ. ಮೇವಿಲ್ಲದ ದಿನ ದನ ಅದಕ್ಕೆ ಬಾಯಿ ಹಾಕಿದರೆ ಈಲಿ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಯಂತ್ರ ಮತ್ತು ಅರ್ಥಿಂಗ್

ಎನರ್ಜೈಸರ್, ನಮ್ಮ ಕಡೆ ಝಟ್ಕಾ ಮಷೀನ್ ಎನ್ನುವುದು, ಸೆಕೆಂಡಿಗೊಂದು ಸಲದಂತೆ ಅತಿ ಚಿಕ್ಕ ಹೊಡೆತ ಕಳಿಸುತ್ತದೆ. ಸಾವಿರಗಟ್ಟಲೆ ವೋಲ್ಟ್ ಇದ್ದರೂ ಅದು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಅದಕ್ಕೇ ನೋಯುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಟ್ಟರೆ ಕೊಲ್ಲುತ್ತದೆ. ದನವನ್ನೂ, ಮಗುವನ್ನೂ, ಕೊಟ್ಟವನನ್ನೂ. ಅದು ಅಪರಾಧವೂ ಹೌದು. ಕೊಳ್ಳುವಾಗ ಐಇಸಿ 60335-2-76 ಮಾನಕಕ್ಕೆ ಹೊಂದುವುದನ್ನೇ ಕೇಳಿ. ಆ ಗುರುತಿಲ್ಲದ, ಎಲ್ಲೋ ಜೋಡಿಸಿದ ಪೆಟ್ಟಿಗೆ ಅಗ್ಗವೆಂದು ತರಬೇಡಿ.

1.7 ಕಿಲೋಮೀಟರ್ ತಂತಿಗೆ 2 ರಿಂದ 3 ಜೌಲ್ (ಒಂದು ಹೊಡೆತದ ಶಕ್ತಿಯ ಅಳತೆ) ಯಂತ್ರ ಸಾಕು. ಇಂಥದ್ದು ದಿನಕ್ಕೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 6–7 ಆಂಪಿಯರ್-ಅವರ್ ತಿನ್ನುತ್ತದೆ. 40 ಆಂಪಿಯರ್-ಅವರ್ ಬ್ಯಾಟರಿ ಇದ್ದರೆ ಅರ್ಧ ಖಾಲಿಯಾಗುವಷ್ಟರಲ್ಲಿ ಮೂರು ಮೋಡದ ದಿನ ದಾಟಬಹುದು. ಬಯಲುಸೀಮೆಗೆ 20 ವಾಟ್ ಪ್ಯಾನಲ್ ಲೆಕ್ಕಕ್ಕೆ ಸರಿಹೋಗುತ್ತದೆ, ಮಲೆನಾಡಿನ ಜುಲೈಗೆ 40 ವಾಟ್ ಇಲ್ಲದಿದ್ದರೆ ಬ್ಯಾಟರಿ ಮಲಗುತ್ತದೆ. ಯಂತ್ರದ ಪೆಟ್ಟಿಗೆಯೊಳಗೆ ಇರುವೆ, ಹಲ್ಲಿ ಗೂಡು ಮಾಡುವುದು ದೊಡ್ಡ ಕಾಟ. ಕೇಬಲ್ ಬರುವ ತೂತುಗಳನ್ನು ಸಿಲಿಕಾನಿನಿಂದ ಮುಚ್ಚಿ.

ಹತ್ತು ದೂರುಗಳಲ್ಲಿ ಏಳೆಂಟು ಯಂತ್ರದ್ದಲ್ಲ, ಅರ್ಥಿಂಗಿನದ್ದು. ಹೊಡೆತ ತಂತಿಯಿಂದ ದನದ ಮೈಯೊಳಗೆ ಹೊಕ್ಕು, ಕಾಲಿನಿಂದ ಮಣ್ಣಿಗಿಳಿದು, ಮಣ್ಣಿನಲ್ಲಿ ಹರಿದು ಅರ್ಥ್ ಸರಳಿನ ಮೂಲಕ ಯಂತ್ರಕ್ಕೆ ಹಿಂದಿರುಗಬೇಕು. ಆ ದಾರಿ ಕೆಟ್ಟಿದ್ದರೆ ಎಷ್ಟು ದೊಡ್ಡ ಯಂತ್ರ ತಂದರೂ ದನಕ್ಕೆ ಕಚಗುಳಿ ಅಷ್ಟೆ. ಆರು ಅಡಿ ಉದ್ದದ ಮೂರು ಜಿಐ ಸರಳುಗಳನ್ನು ಹತ್ತು ಅಡಿಗೊಂದರಂತೆ ಪೂರ್ತಿ ಹೊಡೆದು, ಮೂರನ್ನೂ ಜಿಐ ತಂತಿಯಿಂದಲೇ ಕ್ಲ್ಯಾಂಪ್ ಹಾಕಿ ಸೇರಿಸಿ. ತಾಮ್ರದ ತಂತಿ ಬೇಡ; ತಾಮ್ರವೂ ಸತುವೂ ಕೂಡಿದ ಕಡೆ ಒಂದೇ ಮಳೆಗಾಲಕ್ಕೆ ತುಕ್ಕು ತಿನ್ನುತ್ತದೆ. ಜಾಗ ಸದಾ ತೇವ ಇರುವಲ್ಲಿ, ಉದಾಹರಣೆಗೆ ಕೊಟ್ಟಿಗೆಯ ಗಂಜಲದ ಕಾಲುವೆ ಪಕ್ಕ, ಆದರೆ ಮನೆಯ ಅರ್ಥಿಂಗಿನಿಂದ 10 ಮೀಟರಾದರೂ ದೂರ ಇರಲಿ.

ಪರೀಕ್ಷೆ ಹೀಗೆ. ಯಂತ್ರ ಆರಿಸಿ, ಅದರಿಂದ ಕನಿಷ್ಠ 100 ಮೀಟರ್ ಆಚೆ ಎರಡು ಮೂರು ಕಬ್ಬಿಣದ ಸರಳುಗಳನ್ನು ಮಣ್ಣಿಗೆ ಊರಿ ತಂತಿಗೆ ತಾಗುವಂತೆ ಒರಗಿಸಿ. ಯಂತ್ರ ಹಚ್ಚಿ, ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗೆ ಬಂತೇ ನೋಡಿ. ಬರದಿದ್ದರೆ ಮತ್ತೆ ಆರಿಸಿ ಇನ್ನೆರಡು ಸರಳು ಒರಗಿಸಿ. ಈಗ ಕೊನೆಯ ಅರ್ಥ್ ಸರಳಿಗೂ ಅದರಿಂದ ಒಂದು ಮೀಟರ್ ದೂರದ ಮಣ್ಣಿಗೂ ನಡುವೆ ಫೆನ್ಸ್ ಟೆಸ್ಟರ್ ಹಿಡಿಯಿರಿ. 300 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಇನ್ನೊಂದು ಸರಳು ಬೇಕು. ಈ ಪರೀಕ್ಷೆಯನ್ನು ಮಾರ್ಚ್ ತಿಂಗಳಲ್ಲಿ ಮಾಡಿ. ಜುಲೈನಲ್ಲಿ ಎಲ್ಲರ ಅರ್ಥಿಂಗೂ ಚೆನ್ನಾಗಿಯೇ ಇರುತ್ತದೆ.

ಕೆಂಪುಮಣ್ಣು, ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಕರೆಂಟನ್ನೇ ಒಯ್ಯುವುದಿಲ್ಲ. ಆ ದಿನಗಳಿಗಾಗಿ ಹೊರಬೇಲಿಯ ನಡು ಎಳೆಯನ್ನು ಯಂತ್ರದ ಅರ್ಥಿಗೆ ಸೇರಿಸಿ, ಮೇಲಿನದು ಕೆಳಗಿನದು ಮಾತ್ರ ಜೀವಂತ ಇರಲಿ. ಎಳೆಗಳ ನಡುವೆ ತಲೆ ತೂರಿಸಿದ ದನಕ್ಕೆ ಎರಡೂ ತಾಗಿ ಹೊಡೆತ ಸಿಗುತ್ತದೆ, ಮಣ್ಣಿನ ಹಂಗಿಲ್ಲ. ನಡುವೆ ಒಂದು ಸ್ವಿಚ್ ಇಟ್ಟರೆ ಮಳೆಗಾಲಕ್ಕೆ ಮತ್ತೆ ಮೂರನ್ನೂ ಜೀವಂತ ಮಾಡಬಹುದು.

ಗೇಟಿನ ಅಡಿಯಲ್ಲಿ ಕರೆಂಟು ದಾಟಿಸಲು ಮನೆ ವೈರಿಂಗಿನ ತಂತಿ ಬಳಸಬೇಡಿ. ಅದರ ಮೇಲುಹೊದಿಕೆ ತಡೆಯುವುದು ಸಾವಿರದ ಆಸುಪಾಸು ವೋಲ್ಟ್, ಬೇಲಿಯಲ್ಲಿರುವುದು ಐದಾರು ಸಾವಿರ. ಮಣ್ಣಿನೊಳಗೆ ಸೋರುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೇಲಿಗೆಂದೇ ಬರುವ ಜೋಡಿ ಹೊದಿಕೆಯ ಕೇಬಲನ್ನು ಪೈಪಿನೊಳಗೆ ಹಾಕಿ, ಪೈಪಿನ ಬಾಯನ್ನು ಕೆಳಮುಖ ಮಾಡಿ.

ಏಪ್ರಿಲ್, ಮೇ ಗುಡುಗಿನ ಸಂಜೆಗಳಲ್ಲಿ ಯಂತ್ರವನ್ನು ಬೇಲಿಯಿಂದಲೇ ಬಿಡಿಸಿಡಿ. ಸಿಡಿಲು ತಡೆಯುವ ಸಾಧನ ಹಾಕಿದ್ದರೂ ಸರಿಯೇ. ರಸ್ತೆ, ಕಾಲುದಾರಿ ಕಡೆಯ ಬೇಲಿಗೆ ಕೈಗೆ ಹೊಡೆತ ಬೀಳುವ ಚಿತ್ರವಿರುವ ಎಚ್ಚರಿಕೆಯ ಹಳದಿ ಫಲಕ ತೂಗುಹಾಕಿ. ಓದು ಬಾರದ ಮಕ್ಕಳೂ ಅಲ್ಲಿ ಓಡಾಡುತ್ತಾರೆ.

ದಿನದ ತಂತಿ

ಓಣಿಯ ತಂತಿ ಒಂದೇ ಎಳೆ, 75 ರಿಂದ 80 ಸೆಂಟಿಮೀಟರ್ ಎತ್ತರ, ತಲೆ ತಗ್ಗಿಸಿ ನಡೆಯುವ ಹಸುವಿನ ಮೂಗಿನ ಮಟ್ಟ. ಮಲೆನಾಡು ಗಿಡ್ಡ ಇದ್ದರೆ 60ಕ್ಕೆ ಇಳಿಸಿ, 35ಕ್ಕೆ ಇನ್ನೊಂದು ಎಳೆ ಸೇರಿಸಿ. ಹಳ್ಳಿಕಾರ್‌ನಂಥ ಉದ್ದ ಕೊಂಬಿನ ದನ ಬೇರೆ ತರಹ. ಕೊಂಬಿಗೆ ಝಟ್ಕಾ ತಾಗದು. ಜಾಣ ಎತ್ತೊಂದು ಕೊಂಬಿನಿಂದ ತಂತಿ ಎತ್ತಿ ಆಚೆ ಹೋಗುವುದನ್ನು ಕಲಿತರೆ ಉಳಿದವೂ ಅದರ ಹಿಂದೆಯೇ. ಅಂಥದ್ದಕ್ಕೆ ಎರಡನೇ ಎಳೆ, ಎದೆಯ ಮಟ್ಟಕ್ಕೆ, ಹಾಕಲೇಬೇಕು.

ಅಂಕಣದ ಅಡ್ಡ ತಂತಿಗೆ ಪಾಲಿವೈರ್: ನೂಲಿನ ಜೊತೆ ಸಣ್ಣ ಸ್ಟೀಲ್ ಎಳೆಗಳನ್ನು ಹೊಸೆದದ್ದು, ರಾಟೆಯಲ್ಲಿ ಸುತ್ತಿಡಬಹುದು. 21 ಮೀಟರಿನ ಮೂರು ರಾಟೆ ಬೇಕು. ಇಂದಿನ ಅಂಕಣದ ಹಿಂದೊಂದು, ಮುಂದೊಂದು, ನಾಳಿನ ಅಂಕಣದ ಕೊನೆಗೆ ಮೂರನೆಯದು. ಮೂರನೆಯದನ್ನು ಹಿಂದಿನ ಸಂಜೆಯೇ ಕಟ್ಟಿಡಿ. ಆಗ ಬೆಳಿಗ್ಗೆ ಮಾಡಬೇಕಾದ್ದು ನಡುವಿನದನ್ನು ಸುತ್ತುವುದು, ದನ ತಾನೇ ಮುಂದೆ ಹೋದ ಮೇಲೆ ಅದನ್ನೇ ಹಿಂದಿನ ತಂತಿಯಾಗಿ ಮತ್ತೆ ಎಳೆಯುವುದು, ಅಷ್ಟೆ. ಹಿಂದಿನ ತಂತಿಯನ್ನು ‘ದನ ಹಿಂದೆ ಹೋದರೆ ಏನಾಯ್ತು’ ಎಂದು ಬಿಟ್ಟುಬಿಡುವವರಿದ್ದಾರೆ. ಮೊದಲು ಹೇಳಿದ ಎಳೆ ಚಿಗುರು ಇರುವುದು ಅಲ್ಲೇ. ಹಿಂದಿನ ತಂತಿ ಇಲ್ಲದ ಸರದಿ ಸರದಿಯೇ ಅಲ್ಲ.

ಒಂದು ಅಡ್ಡ ತಂತಿಗೆ ನಡುವೆ ಎರಡು ಮೂರು ಗೂಟ ಸಾಕು. ಫೈಬರ್ ಗೂಟ ಹಗುರ. ಬಿದಿರಾದರೆ ತುದಿಯನ್ನು ಡಾಂಬರಿನಲ್ಲಿ ಅದ್ದಿ, ಇಲ್ಲದಿದ್ದರೆ ಗೆದ್ದಲಿಗೆ ಒಂದೇ ವರ್ಷ. ಓಣಿಯಿಂದ ಅಂಕಣಕ್ಕೆ ಬಾಗಿಲು ಬೇಡ. ಏಳು ಅಡಿಯ ಪಿವಿಸಿ ಪೈಪಿನ ತುದಿಯಲ್ಲಿ ಕಚ್ಚು ಮಾಡಿ, ಓಣಿಯ ತಂತಿಯನ್ನು ಅದರ ಮೇಲೆ ಎತ್ತಿ ನಿಲ್ಲಿಸಿ. ನಾಲ್ಕು ದಿನದಲ್ಲಿ ದನ ಅದರ ಕೆಳಗೆ ನಡೆಯಲು ಕಲಿಯುತ್ತದೆ.

ಹೊಸ ದನವನ್ನು ನೇರವಾಗಿ ಇಲ್ಲಿಗೆ ಬಿಡಬೇಡಿ. ಮೊದಲ ಹೊಡೆತಕ್ಕೆ ದನ ಹಿಂದೆ ಸರಿಯುವುದೂ ಉಂಟು, ಮುಂದಕ್ಕೆ ನುಗ್ಗುವುದೂ ಉಂಟು. ಒಮ್ಮೆ ನುಗ್ಗಿ ಪಾರಾದರೆ ತಂತಿ ದಾಟಬಹುದೆಂಬ ಪಾಠ ಅದಕ್ಕೆ ಬಂದುಬಿಡುತ್ತದೆ. ಕೊಟ್ಟಿಗೆ ಪಕ್ಕ 30 ಅಡಿ ಚೌಕದ ಗಟ್ಟಿ ಆವರಣದೊಳಗೆ, ಗೋಡೆಯಿಂದ ನಾಲ್ಕು ಅಡಿ ಈಚೆ, ಒಂದು ಎಳೆ ಕಟ್ಟಿ ಬಿಳಿ ಬಟ್ಟೆಯ ಚೂರುಗಳನ್ನು ನೇತುಹಾಕಿ. ಎರಡು ದಿನ ಅಲ್ಲಿ ಬಿಡಿ. ದನ ಕುತೂಹಲದಿಂದ ಮೂಗು ತಾಗಿಸಲಿ. ಯಾರೂ ಅಟ್ಟಬೇಡಿ, ಅಟ್ಟಿದವರ ಮೇಲೆ ಅದಕ್ಕೆ ಭಯ ಹುಟ್ಟುತ್ತದೆ, ತಂತಿಯ ಮೇಲಲ್ಲ. ಜೀವಂತ ತಂತಿ ಇರುವಲ್ಲಿ ಹಗ್ಗ ಹಾಕಿ ಗೂಟಕ್ಕೆ ಕಟ್ಟುವುದು ಮಾತ್ರ ಯಾವತ್ತೂ ಕೂಡದು.

ದಿನಕ್ಕೊಮ್ಮೆ ದೂರದ ತುದಿಯಲ್ಲಿ ಟೆಸ್ಟರ್ ಹಿಡಿಯಿರಿ. 4,000 ವೋಲ್ಟ್ ಇದ್ದರೆ ನೆಮ್ಮದಿ, 3,000ಕ್ಕಿಂತ ಇಳಿದರೆ ಹುಡುಕಿ: ತಂತಿಗೆ ತಾಗಿದ ಹುಲ್ಲು, ಬಿದ್ದ ಗರಿ, ಒಡೆದ ಇನ್ಸುಲೇಟರ್, ಸಡಿಲ ಗಂಟು, ಈ ಕ್ರಮದಲ್ಲಿ. ಕತ್ತಲಲ್ಲಿ ಬೇಲಿಗುಂಟ ನಡೆದರೆ ಸೋರುವ ಕಡೆ ಚಿಟ್‌ಚಿಟ್ ಸದ್ದು ಕೇಳಿಸುತ್ತದೆ, ಕಿಡಿ ಕಾಣುತ್ತದೆ.

ನೀರು

ಹಸುವಿಗೆ ದಿನಕ್ಕೆ 40–60 ಲೀಟರ್, ಬೇಸಿಗೆಯಲ್ಲಿ ಹಾಲು ಕೊಡುವುದಕ್ಕೆ 80 ದಾಟುತ್ತದೆ. ಓಣಿಗುಂಟ 25 ಮಿಮೀ ಎಚ್‌ಡಿಪಿಇ ಪೈಪನ್ನು ಒಂದು ಅಡಿ ಆಳದಲ್ಲಿ ಹಾಕಿ, ಪ್ರತಿ 36 ಮೀಟರಿಗೆ ಒಂದು ವಾಲ್ವ್ ಕೊಡಿ. ಓಣಿಯ ಪ್ರತಿ ಪಕ್ಕದ ಮೂರು ಅಂಕಣಕ್ಕೆ ಒಂದು ವಾಲ್ವ್ ಆಯಿತು. ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿದ ಅರ್ಧಕ್ಕೆ ಫ್ಲೋಟ್ ವಾಲ್ವ್ ಕೂಡಿಸಿ ಓಣಿಯೊಳಗೆ ಇಡಿ, ಸರದಿಯ ಜೊತೆ ಅದೂ ಮುಂದೆ ಸಾಗಲಿ. ಫ್ಲೋಟನ್ನು ಹಲಗೆಯಿಂದ ಮುಚ್ಚದಿದ್ದರೆ ಕಡಸು ಅದನ್ನು ಆಟಿಕೆ ಮಾಡಿಕೊಳ್ಳುತ್ತದೆ. ಕೊಟ್ಟಿಗೆ ಬಳಿ ಮೂರು ಅಡಿ ಅಗಲದ ಸಿಮೆಂಟ್ ರಿಂಗಿನ ತೊಟ್ಟಿ. ಅದಕ್ಕೆ ತಿಂಗಳಿಗೊಮ್ಮೆ ಒಳಗೆ ಸುಣ್ಣ ಬಳಿದರೆ ಪಾಚಿ ಕಟ್ಟದು. ಸುತ್ತ ಆರು ಅಡಿ ಜಾಗಕ್ಕೆ ಕಲ್ಲು ಹಾಸಿ, ಇಲ್ಲದಿದ್ದರೆ ಕೆಸರು, ಕೆಸರಿನಿಂದ ಗೊರಸು ಕೊಳೆತ.

ನೆರಳು, ಕೊಟ್ಟಿಗೆ

ನಾಟಿ ದನ ಬಿಸಿಲು ತಡೆಯುತ್ತದೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್ ಎಂಬ ವಿದೇಶಿ ತಳಿ) ತಡೆಯುವುದಿಲ್ಲ. ಹನ್ನೊಂದರ ಮೇಲೆ ಮೇಯುವುದನ್ನು ಬಿಟ್ಟು ಬಾಯಿ ತೆರೆದು ಏದುಸಿರು ಬಿಡುತ್ತ ನಿಂತರೆ ಹಾಲು ಅಂದೇ ಇಳಿಯುತ್ತದೆ. ಬೆಳಿಗ್ಗೆ ಏಳರಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಆರು ಮೇಯಲಿ. ನಡುವೆ ಕೊಟ್ಟಿಗೆಗೆ ಬಂದು ಮೆಲುಕು ಹಾಕಲಿ.

ದೂರದ ಅಂಕಣಗಳಿಗೆ ಎಳೆದೊಯ್ಯುವ ಚಪ್ಪರ ಮಾಡಬಹುದು. ಒಂದೂವರೆ ಇಂಚಿನ ಜಿಐ ಪೈಪಿನಲ್ಲಿ 4 ಅಡ್ಡ 3 ಮೀಟರ್ ಚೌಕಟ್ಟು, ಎತ್ತರ ಎಂಟು ಅಡಿ, ಕೆಳಗೆ ಎರಡು ಉದ್ದ ಪೈಪನ್ನು ಜಾರುಬಂಡಿಯಂತೆ ಮುಂದೆ ಬಾಗಿಸಿ. ಮೇಲೆ ನೂರಕ್ಕೆ 75 ನೆರಳಿನ ಹಸಿರು ಬಲೆ. ಮೂರು ದನಕ್ಕೆ ಸರಿಹೋಗುತ್ತದೆ, ಇಬ್ಬರು ಎಳೆಯಬಹುದು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಡುಮಧ್ಯಾಹ್ನ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೆಯೇ ಇರುವುದರಿಂದ ನೆರಳು ಚಪ್ಪರದಡಿಯೇ ಬೀಳುತ್ತದೆ. ದಿನಾ ಸರಿಸಿ, ಸಗಣಿ, ಗಂಜಲ ಎಲ್ಲ ಕಡೆ ಹಂಚಿಹೋಗುತ್ತದೆ. ಆಷಾಢದ ಗಾಳಿಗೆ ಮಾತ್ರ ಇದು ಗಾಳಿಪಟ. ನಾಲ್ಕು ಮೂಲೆಗೆ ಎರಡು ಅಡಿಯ ಕಬ್ಬಿಣದ ಗೂಟ ಹೊಡೆದು ಹಗ್ಗ ಬಿಗಿಯಬೇಕು. ಆ ತಿಂಗಳು ಬಿಸಿಲೂ ಇರದು, ಬಲೆಯನ್ನೇ ಬಿಚ್ಚಿಡುವುದು ಒಳ್ಳೆಯದು.

ಹೊಂಗೆ, ಬೇವು, ಹುಣಸೆಯ ನೆರಳು ಬಲೆಗಿಂತ ತಂಪು. ಆದರೆ ಜಮೀನಿನಲ್ಲಿ ಒಂದೇ ಮರ ಇದ್ದರೆ ಎಲ್ಲ ದನ ಅದರ ಬುಡದಲ್ಲೇ, ಎಲ್ಲ ಗೊಬ್ಬರವೂ ಅಲ್ಲೇ. ಬುಡದ ಸುತ್ತ ಪಾಲಿವೈರ್ ಹಾಕಿ, ಆ ಅಂಕಣದ ಸರದಿಯ ದಿನ ಮಾತ್ರ ತೆರೆಯಿರಿ.

ಕೊಟ್ಟಿಗೆಗೆ ತಲೆಗೆ 3.5 ಚದರ ಮೀಟರ್ ಸೂರು, 7 ಚದರ ಮೀಟರ್ ಬಯಲು. ಬಯಲುಸೀಮೆಯಲ್ಲಿ ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಟ್ಟರೆ ಬಿಸಿಲು ಒಳಗೆ ಬಾರದು. ಮಲೆನಾಡು, ಕರಾವಳಿಯಲ್ಲಿ ನೆಲ ಒಣಗುವುದೇ ಮುಖ್ಯ, ಉತ್ತರ-ದಕ್ಷಿಣಕ್ಕಿಟ್ಟು ಬೆಳಿಗ್ಗೆ ಸಂಜೆಯ ಬಿಸಿಲನ್ನು ಒಳಗೆ ಬಿಡಿ. ಇರಿಚಲು ಬರುವ ನೈಋತ್ಯದ ಮೂಲೆಗೆ ಮಾತ್ರ ತಟ್ಟಿ ಕಟ್ಟಿ. ಸೂರಿನ ಅಂಚು ಎಂಟು ಅಡಿಗಿಂತ ಕೆಳಗೆ ಬೇಡ. ಶೀಟಿನ ಮೇಲೆ ತೆಂಗಿನ ಗರಿಯೋ ಅಡಿಕೆ ಸೋಗೆಯೋ ಹಾಸಿದರೆ ಒಳಗಿನ ಧಗೆ ಕೈಗೇ ತಿಳಿಯುವಷ್ಟು ಇಳಿಯುತ್ತದೆ. ನೆಲಕ್ಕೆ 50 ಅಡಿಗೆ ಒಂದು ಅಡಿಯ ಇಳಿಜಾರು ಕೊಡಿ. ಹೆಚ್ಚಾದರೆ ಗಬ್ಬದ ಹಸು ಜಾರುತ್ತದೆ.

ರಾತ್ರಿ ದನ ಬಯಲಲ್ಲಿ ಬೇಡ. ಈ ಬೇಲಿ ಚಿರತೆಯನ್ನು ತಡೆಯುವುದಿಲ್ಲ. ತುಮಕೂರು, ರಾಮನಗರ, ಮೈಸೂರಿನ ಗುಡ್ಡದಂಚಿನ ಊರುಗಳಲ್ಲಿ ಕರುಗಳಿಗೆ ಜಾಲರಿ ಹೊಡೆದ, ಮೇಲೂ ಮುಚ್ಚಿದ ಕೋಣೆಯೇ ಆಗಬೇಕು.

ಹುಲ್ಲು ಹೇಳಿದಂತೆ

30 ದಿನ ಎಂಬುದು ಮಳೆಗಾಲದ ಅಂದಾಜು ಮಾತ್ರ. ರೋಡ್ಸ್, ಸಿಗ್ನಲ್, ಅಂಜನ್ ಹುಲ್ಲು ಒಂದೂವರೆ ಗೇಣು ಎದ್ದಾಗ ಒಳಗೆ ಬಿಡಿ, ಅರ್ಧ ಗೇಣು ಉಳಿದಾಗ ಹೊರಗೆ ತನ್ನಿ. ಗಿನಿ ಹುಲ್ಲಿಗೆ ಎರಡೂ ಅಳತೆ ಸುಮಾರು ದುಪ್ಪಟ್ಟು. ನೇಪಿಯರನ್ನು ಮೇಯಿಸಬೇಡಿ, ಅದು ಕೊಯ್ದು ಹಾಕುವ ಮೇವು. ಹೊಸದಾಗಿ ಬಿತ್ತಿದ ಹುಲ್ಲನ್ನು ಬಿಡುವ ಮೊದಲು ಕೈಯಿಂದ ಜಗ್ಗಿ ನೋಡಿ: ಎಲೆ ಹರಿದರೆ ಸರಿ, ಬುಡ ಕಿತ್ತು ಬಂದರೆ ಇನ್ನೂ ಬೇರು ಹಿಡಿದಿಲ್ಲ.

ಆಗಸ್ಟ್ ಹೊತ್ತಿಗೆ ಮುಂದಿನ ಅಂಕಣಗಳು ಮೊಣಕಾಲು ದಾಟಿ ಹೂ ಬಿಡುತ್ತಿದ್ದರೆ ಎಂಟು ಹತ್ತನ್ನು ಸರದಿಯಿಂದ ಕೈಬಿಟ್ಟು ಕೊಯ್ದು ಒಣಗಿಸಿ ಬಣವೆ ಹಾಕಿ. ನವೆಂಬರ್ ಕಳೆದು ಚೌಕದ ತೂಕ 300 ಗ್ರಾಂಗೆ ಇಳಿದರೆ ದಿನಕ್ಕೆ ನಾಲ್ಕು ಗುಂಟೆ ಬೇಕಾಗುತ್ತದೆ, ಸರದಿ 19 ದಿನಕ್ಕೇ ಮುಗಿಯುತ್ತದೆ. ಹುಲ್ಲಿಗೆ ಬೇಕಾದ್ದು ಆಗ 45 ದಿನ. ಹಾಗಾಗಿ ದಿನದ ಅಂಕಣವನ್ನು ದೊಡ್ಡದು ಮಾಡಬೇಡಿ, ಮೇಯುವ ಹೊತ್ತನ್ನು ಎರಡು ತಾಸಿಗೆ ಇಳಿಸಿ, ಒಂದೇ ಅಂಕಣವನ್ನು ಅರ್ಧರ್ಧ ಮಾಡಿ ಕೊಡಿ. ಉಳಿದದ್ದಕ್ಕೆ ಬಣವೆ ಇದೆ. ಬೇಸಿಗೆಗೆ ಪೂರ್ತಿ ನಿಲ್ಲಿಸಿ.

ಎರೆಭೂಮಿಯಲ್ಲಿ ಜಡಿಮಳೆ ಹಿಡಿದ ದಿನ ಗೊರಸು ಗೇಣುದ್ದ ಹೂತು ಹುಲ್ಲಿನ ಬುಡವೇ ಮಣ್ಣು ಪಾಲಾಗುತ್ತದೆ. ಅಂಥ ದಿನಕ್ಕೆಂದು ಕೊಟ್ಟಿಗೆ ಪಕ್ಕದ ಒಂದು ಅಂಕಣವನ್ನು ಹಾಳಾದರೂ ಸರಿ ಎಂದು ಮೀಸಲಿಡಿ. ಬೆಳಗಿನ ಇಬ್ಬನಿಯಲ್ಲಿ, ಹಸಿದ ಹೊಟ್ಟೆಯಲ್ಲಿ, ಕುದುರೆಮೆಂತ್ಯ ಅಥವಾ ಅಲಸಂದೆ ಬೆರೆತ ಅಂಕಣಕ್ಕೆ ಬಿಟ್ಟರೆ ಹೊಟ್ಟೆಯುಬ್ಬರ ಬರುತ್ತದೆ. ಮೊದಲು ಒಂದೆರಡು ಹಿಡಿ ಒಣಹುಲ್ಲು ತಿನ್ನಿಸಿ, ಇಬ್ಬನಿ ಆರಿದ ಮೇಲೆ ಬಿಡಿ. ಬದುವಿನಲ್ಲಿ ತಾನಾಗಿ ಎದ್ದ ಎಳೆ ಜೋಳದ ಪೈರು, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ್ದು, ವಿಷ. ಸರದಿ ಅಲ್ಲಿಗೆ ತಲುಪುವ ಮೊದಲೇ ಕಿತ್ತು ಹಾಕಿ.

ಸರದಿ ಮೇಯಿಸಿದರೆ ದನದ ರಕ್ತ ಹೀರುವ ಉಣ್ಣೆ (ಉಣುಗು) ತಾನಾಗಿ ಹೋಗುತ್ತದೆ ಎಂಬ ಮಾತು ನಂಬಬೇಡಿ. ಉಣ್ಣೆಯ ಮರಿ ಹುಲ್ಲಿನ ತುದಿಯಲ್ಲಿ ಎರಡು ಮೂರು ತಿಂಗಳು ಕಾದು ಕೂರಬಲ್ಲದು, 30 ದಿನದ ಸರದಿ ಅದಕ್ಕೆ ಏನೂ ಅಲ್ಲ. ಕೊಟ್ಟಿಗೆ ಗೋಡೆಯ ಬಿರುಕುಗಳನ್ನು ಮುಚ್ಚಿ ಸುಣ್ಣ ಹೊಡೆಯುವುದು, ವಾರಕ್ಕೊಮ್ಮೆ ಕಿವಿ, ಕೆಚ್ಚಲು, ಬಾಲದ ಬುಡ ತಡವಿ ನೋಡುವುದು, ಹೆಚ್ಚಾದರೆ ಪಶುವೈದ್ಯರು ಹೇಳಿದ ಔಷಧಿ ಹಚ್ಚುವುದು, ಇವು ಹಿಂದಿನಂತೆಯೇ ನಡೆಯಬೇಕು.